ಹೃದಯಕ್ಕೆ ಸಾಕ್ಷಿ ಹೇಳುವವರು ಯಾರು?

ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಒಂದು ಸಾಮ್ಯ ಕ್ರೈಸ್ತರಲ್ಲದ ಅನೇಕರಿಗೂ ಗೊತ್ತು. ಇಬ್ಬರು ಪ್ರಾರ್ಥನೆಗೆಂದು ದೇವಾಲಯಕ್ಕೆ ಹೋಗುತ್ತಾರೆ. ಒಬ್ಬ ಫರಿಸಾಯ. ವಾರಕ್ಕೆ ಎರಡು ಸಲ ಉಪವಾಸ ಮಾಡುವವನು, ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲನ್ನು ದೇವರಿಗೆ ಎತ್ತಿಡುವವನು. ಆ ಲೆಕ್ಕವನ್ನೆಲ್ಲ ದೇವರ ಮುಂದೆ ಒಪ್ಪಿಸುತ್ತಾನೆ. ಇನ್ನೊಬ್ಬ ಸುಂಕದವನು. ದೂರದಲ್ಲೇ ನಿಂತು, ತಲೆ ಎತ್ತದೆ, ಎದೆ ಬಡಿದುಕೊಂಡು ಕರುಣೆ ಬೇಡುತ್ತಾನೆ. ದೇವರ ಮೆಚ್ಚುಗೆ ಸಿಕ್ಕಿದ್ದು ಈ ಎರಡನೆಯವನಿಗೆ.

ಕತೆ ಇಷ್ಟೇ, ಆದರೆ ಅದು ಮುಗಿದ ಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ಒಂದನೆಯ ಶತಮಾನದ ಕೊನೆಗೋ ಎರಡನೆಯದರ ಆರಂಭಕ್ಕೋ ಸೇರಿದ್ದೆಂದು ವಿದ್ವಾಂಸರು ಎಣಿಸುವ ‘ಡಿಡಾಖೆ’ ಎಂಬ ಪುಟ್ಟ ಕೈಪಿಡಿಯಿದೆ. ಆದಿ ಕ್ರೈಸ್ತರ ನಡವಳಿಕೆಯ ಕೈಪಿಡಿ ಅದು. ಕಪಟಿಗಳು ಸೋಮವಾರ ಮತ್ತು ಗುರುವಾರ ಉಪವಾಸ ಮಾಡುತ್ತಾರೆ, ನಿಮಗೆ ಅವರ ಹಾದಿ ಬೇಡ, ನೀವು ಬುಧವಾರ ಮತ್ತು ಶುಕ್ರವಾರ ಮಾಡಿ ಎಂಬರ್ಥದ ಸೂಚನೆ ಅದರಲ್ಲಿದೆ. ಕಪಟಕ್ಕೆ ಕಂಡುಕೊಂಡ ಮದ್ದು ವಾರ ಬದಲಿಸುವುದು! ಸುಂಕದವನು ಎದೆ ಬಡಿದುಕೊಂಡದ್ದಕ್ಕೂ ಅದೇ ಗತಿಯಾಯಿತು. ಯಾರೂ ಹೇಳಿಕೊಡದೆ ಅವನ ಕೈ ತಾನಾಗಿ ಎದೆಗೆ ಹೋಗಿತ್ತು. ಮುಂದೆ ಅದೇ ಲ್ಯಾಟಿನ್ ಬಲಿಪೂಜೆಯ ಪಾಪನಿವೇದನೆಯ ಹೊತ್ತಿಗೆ ಮೂರು ಸಲ ಎದೆ ತಟ್ಟಿಕೊಳ್ಳುವ ವಿಧಿಯಾಗಿ ನಿಂತಿತು.

ಒಳಗಿನ ಭಕ್ತಿಯೋ ಹೊರಗಿನ ಆಚರಣೆಯೋ ಎಂಬ ಈ ತಕರಾರಿನ ಚರಿತ್ರೆಯನ್ನು ಸಾಮಾನ್ಯವಾಗಿ ಒಂದು ಗೆಲುವಿನ ಕತೆಯಾಗಿ ಬರೆಯುತ್ತಾರೆ. ಒಣ ಆಚಾರ ಬೆಳೆಯಿತು, ಒಬ್ಬ ಮಹಾತ್ಮ ಎದ್ದ, ಜನ ಮತ್ತೆ ಹೃದಯದ ಕಡೆ ತಿರುಗಿದರು ಎಂಬ ಧಾಟಿಯಲ್ಲಿ. ನನಗೆ ಆ ಧಾಟಿಯಲ್ಲಿ ನಂಬಿಕೆ ಕಡಿಮೆ. ಹೃದಯವನ್ನು ಪರೀಕ್ಷಿಸುವ ಅಧಿಕಾರ ಯಾವ ಕಾಲದಲ್ಲಿ ಯಾರ ಕೈಗೆ ಬಂತು, ಅದಕ್ಕೆ ಅವರು ಯಾವ ಹೊರಗುರುತನ್ನು ಹಿಡಿದರು ಎಂದು ನೋಡುತ್ತ ಹೋದರೆ ಚರಿತ್ರೆ ಬೇರೆಯಾಗಿಯೇ ಕಾಣುತ್ತದೆ.

ಮೊದಲು ಫರಿಸಾಯರ ಬಗ್ಗೆ ಒಂದು ಮಾತು. ಹೋಮ, ಹಬ್ಬ, ಉಪವಾಸಗಳಿಗಿಂತ ನ್ಯಾಯ ದೊಡ್ಡದೆಂದು ಆಮೋಸ, ಯೆಶಾಯರು ಯೇಸುವಿಗಿಂತ ಏಳು ಶತಮಾನಗಳ ಹಿಂದೆಯೇ ಸಾರಿದ್ದರು. ಹೃದಯಕ್ಕೆ ಸುನ್ನತಿಯಾಗಲಿ ಎಂದವನು ಯೆರೆಮೀಯ. ಹಾಗಾಗಿ ಯೇಸು ಫರಿಸಾಯರನ್ನು ಬೈದದ್ದು ಯೆಹೂದ್ಯರ ಮನೆಯೊಳಗಿನ ಜಗಳ. ಅದನ್ನು ಮನೆಯ ಹೊರಗಿನವರು ಎತ್ತಿಕೊಂಡಾಗ ಇಡೀ ಯೆಹೂದ್ಯ ಧರ್ಮವೇ ಒಣ ಆಚಾರದ ಕಂತೆಯೆಂಬ ಚಿತ್ರ ಹುಟ್ಟಿತು. ಇ. ಪಿ. ಸ್ಯಾಂಡರ್ಸ್ 1977ರಲ್ಲಿ ಪೌಲನನ್ನೂ ಪ್ಯಾಲೆಸ್ತೀನಿನ ಯೆಹೂದ್ಯ ಧರ್ಮವನ್ನೂ ಕುರಿತು ಬರೆದ ಪುಸ್ತಕ ಆ ಚಿತ್ರವನ್ನು ಬುಡಮೇಲು ಮಾಡಿತು. ಯೆಹೂದ್ಯರು ಧರ್ಮಶಾಸ್ತ್ರವನ್ನು ಪಾಲಿಸುತ್ತಿದ್ದುದು ದೇವರ ಕೃಪೆಯನ್ನು ಗಳಿಸಲಿಕ್ಕಲ್ಲ, ಆಗಲೇ ಸಿಕ್ಕ ಕೃಪೆಯೊಳಗೆ ಉಳಿಯಲಿಕ್ಕೆ ಎಂಬುದು ಅವರ ವಾದ. ಅದಕ್ಕೂ ಮೊದಲು, 1963ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಕ್ರಿಸ್ಟರ್ ಸ್ಟೆಂಡಾಲ್, ತನ್ನ ಮನಸ್ಸನ್ನು ತಾನೇ ಕೆದಕಿ ಕೆದಕಿ ನರಳುವ ಪೌಲ ನಿಜವಾದ ಪೌಲನಲ್ಲ, ಅವನು ಅಗಸ್ಟಿನ್ ಮತ್ತು ಲೂಥರರ ಕಣ್ಣಿಗೆ ಕಂಡ ಪೌಲ ಎಂದು ತೋರಿಸಿದ್ದರು. ಬೈಬಲ್ ವಿದ್ವತ್ತಿನಲ್ಲಿ ಇವು ಈಗ ಹಳೆಯ ಸಂಗತಿ. ಪ್ರಸಂಗ ಪೀಠದಲ್ಲಿ ಮಾತ್ರ ಫರಿಸಾಯ ಇನ್ನೂ ಬೈಗುಳವಾಗಿಯೇ ಉಳಿದಿದ್ದಾನೆ.

ಕ್ರೈಸ್ತನಾಗುವುದರಿಂದ ಜೀವಕ್ಕೆ ಅಪಾಯವಿದ್ದ ಕಾಲದಲ್ಲಿ ಯಾರ ನಂಬಿಕೆ ನಿಜವೆಂದು ಬಹಳ ವಿಚಾರಿಸಬೇಕಿರಲಿಲ್ಲ. 313ರಲ್ಲಿ ಕಾನ್‌ಸ್ಟಂಟೈನ್ ಸಹಿಷ್ಣುತೆ ತೋರಿದ. 380ರಲ್ಲಿ ಥಿಯೋಡೋಸಿಯಸ್ ಕ್ರೈಸ್ತ ಧರ್ಮವನ್ನು ರೋಮನ್ ಸಾಮ್ರಾಜ್ಯದ ಧರ್ಮವಾಗಿಸಿದ. ಆಗ ಕ್ರೈಸ್ತನಾಗುವುದು ಲಾಭದ ದಾರಿಯೂ ಆಯಿತು, ಅನುಮಾನವೂ ಶುರುವಾಯಿತು. ಈಜಿಪ್ಟಿನ ಮರಳುಗಾಡಿಗೆ ಹೋದ ಸನ್ಯಾಸಿಗಳು ಒಂದು ಉತ್ತರ. ಉತ್ತರ ಆಫ್ರಿಕದ ಡೊನಾಟಿಸ್ಟರು ಇನ್ನೊಂದು. ಹಿಂಸೆಯ ಕಾಲದಲ್ಲಿ ಪವಿತ್ರಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿ ಜೀವ ಉಳಿಸಿಕೊಂಡ ಗುರುಗಳು ಕೊಟ್ಟ ಸಂಸ್ಕಾರ ಸಂಸ್ಕಾರವೇ ಅಲ್ಲ ಎಂದರು ಅವರು. ಅಗಸ್ಟಿನ್ ಒಪ್ಪಲಿಲ್ಲ. ಕೊಡುವವನ ಅಂತರಂಗ ಹೇಗೇ ಇರಲಿ, ಸಂಸ್ಕಾರ ಕ್ರಿಸ್ತನದು, ಕೊಯ್ಲಿನ ತನಕ ಗೋಧಿ ಮತ್ತು ಹಣಜಿ ಒಂದೇ ಹೊಲದಲ್ಲಿ ಬೆಳೆಯಲಿ ಎಂದ. 411ರಲ್ಲಿ ಕಾರ್ಥೇಜಿನಲ್ಲಿ ನಡೆದ ಚರ್ಚೆಯಲ್ಲಿ ಅವನ ಪಕ್ಷ ಗೆದ್ದಿತು. ಡೊನಾಟಿಸ್ಟರನ್ನು ಸರ್ಕಾರದ ಬಲದಿಂದ ಬಗ್ಗಿಸುವುದನ್ನೂ ಅವನು ಸಮರ್ಥಿಸಿದ್ದು ಆ ಗೆಲುವಿನ ಮೇಲಿನ ಕಲೆ.

ಮಧ್ಯಯುಗವನ್ನು ಒಂದೇ ಹೆಜ್ಜೆಯಲ್ಲಿ ದಾಟುತ್ತೇನೆ. 1215ರ ನಾಲ್ಕನೆಯ ಲ್ಯಾಟರನ್ ಸಭೆ ಪ್ರತಿಯೊಬ್ಬ ವಯಸ್ಕ ಕ್ರೈಸ್ತನೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕೆಂದು ವಿಧಿಸಿತು. ಅಂತರಂಗದ ತನಿಖೆ ಅಲ್ಲಿಂದ ವಾರ್ಷಿಕ ಕರ್ತವ್ಯ.

1517ರಲ್ಲಿ ಲೂಥರ್ ಎತ್ತಿದ ದನಿ ಹೊರಗಿನ ಪುಣ್ಯಕಾರ್ಯಗಳ ವಿರುದ್ಧ ಒಳಗಿನ ವಿಶ್ವಾಸದ ದನಿಯೆಂಬುದು ಶಾಲೆಯ ಪಾಠ. ಆದರೆ ಲೂಥರನೂ ಜ್ಯೂರಿಖಿನ ಜ್ವಿಂಗ್ಲಿಯೂ ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದನ್ನು ಬಿಡಲಿಲ್ಲ. ನಂಬಿಕೆ ಹೃದಯದ್ದಾದರೆ ಮಾತೇ ಬಾರದ ಕೂಸಿಗೆ ಸ್ನಾನ ಮಾಡಿಸುವುದೇಕೆ ಎಂದು ತರ್ಕವನ್ನು ಕೊನೆಯ ತನಕ ಎಳೆದವರು ಅನಾಬ್ಯಾಪ್ಟಿಸ್ಟರು. 1525ರ ಜನವರಿಯಲ್ಲಿ ಜ್ಯೂರಿಖಿನಲ್ಲಿ ಅವರು ಒಬ್ಬರಿಗೊಬ್ಬರು ಮತ್ತೆ ದೀಕ್ಷಾಸ್ನಾನ ಕೊಟ್ಟುಕೊಂಡರು. ಎರಡು ವರ್ಷ ತುಂಬುವುದರೊಳಗೆ ಅವರಲ್ಲಿ ಪ್ರಮುಖನಾದ ಫೆಲಿಕ್ಸ್ ಮಾಂಟ್ಸ್‌ನನ್ನು ಸುಧಾರಿತ ಪಂಥದ್ದೇ ಆದ ನಗರಸಭೆ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು. 1529ರಲ್ಲಿ ಸ್ಪೈಯರಿನ ಸಾಮ್ರಾಜ್ಯ ಸಭೆ ಮರುದೀಕ್ಷೆಗೆ ಮರಣದಂಡನೆ ವಿಧಿಸಿತು. ಇಷ್ಟು ಬೆಲೆ ತೆತ್ತ ಪರಂಪರೆಯಿಂದಲೇ 1693ರಲ್ಲಿ ಯಾಕೋಬ್ ಅಮ್ಮನ್ನನ ಹಿಂಬಾಲಕರು ಒಡೆದು ಹೊರಬಂದರು. ಬಹಿಷ್ಕೃತರೊಡನೆ ಊಟಕ್ಕೆ ಕೂರಬಹುದೇ ಎಂಬುದು ಒಡಕಿನ ಒಂದು ಮುಖ್ಯ ಕಾರಣ. ಅಮಿಶರೆಂದರೆ ಇವರೇ. ಸ್ವಂತ ವಿಶ್ವಾಸವಿಲ್ಲದ ಸಂಸ್ಕಾರ ಬೇಡವೆಂದವರ ವಂಶದವರನ್ನು ಇಂದು ಜಗತ್ತು ಗುರುತಿಸುವುದು ಟೋಪಿ, ಗಡ್ಡ ಮತ್ತು ಕುದುರೆಗಾಡಿಯಿಂದ.

ಕ್ವೇಕರರ ಕತೆಯೂ ಇದೇ ಜಾಡಿನದು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮತ್ತು ಅವನ ಗೆಳೆಯರು ಪಾದ್ರಿ, ಗಂಟೆ, ದೀಕ್ಷಾಸ್ನಾನ, ಕರ್ತನ ಭೋಜನ ಎಲ್ಲವನ್ನೂ ಕೈಬಿಟ್ಟು ಒಳಗಿನ ಬೆಳಕಿಗಾಗಿ ಮೌನದಲ್ಲಿ ಕೂತರು. ಎರಡನೆಯ ತಲೆಮಾರಿಗೆ ಬಟ್ಟೆಯ ಬಣ್ಣವೂ ಭಕ್ತಿಯ ಗುರುತಾಗತೊಡಗಿತು. ಪಂಥದ ತಾಯಿಯೆಂದೇ ಹೆಸರಾದ ಮಾರ್ಗರೆಟ್ ಫೆಲ್ 1700ರಲ್ಲಿ, ತಮ್ಮ 80 ದಾಟಿದ ಮುಪ್ಪಿನಲ್ಲಿ, ಎಲ್ಲರೂ ಒಂದೇ ಬಗೆಯ ಉಡುಪು ತೊಡಬೇಕೆಂಬ ಈ ಗೀಳು ಸುವಾರ್ತೆಯೇ ಅಲ್ಲ, ಹುಚ್ಚಾಟ ಎಂಬರ್ಥದಲ್ಲಿ ಚುರುಕಾದ ಪತ್ರ ಬರೆದರು. ಯಾರೂ ಕಿವಿಗೊಟ್ಟಂತಿಲ್ಲ. ಕ್ವೇಕರರ ಬೂದು ಬಟ್ಟೆ ಇನ್ನೂ ಒಂದೂವರೆ ಶತಮಾನ ನಡೆಯಿತು.

ಇದಕ್ಕೆ ತದ್ವಿರುದ್ಧವಾದ ನೀತಿ ಒಂದನೆಯ ಎಲಿಜಬೆತ್ ರಾಣಿಯದು. ಪ್ರಜೆಗಳ ಆತ್ಮದೊಳಗೆ ಇಣುಕಲು ಅವಳಿಗೆ ಮನಸ್ಸಿರಲಿಲ್ಲವೆಂದು ಫ್ರಾನ್ಸಿಸ್ ಬೇಕನ್ ಬರೆದಿದ್ದಾನೆ. 1559ರ ಕಾಯ್ದೆಯ ಪ್ರಕಾರ ಭಾನುವಾರ ಚರ್ಚಿಗೆ ಬಾರದವರಿಗೆ 12 ಪೆನ್ನಿ ದಂಡ. ಬಂದು ಕೂತರೆ ಸಾಕು, ಒಳಗೆ ಏನು ಯೋಚಿಸಿದರೂ ಕೇಳುವವರಿಲ್ಲ. ಬೂಟಾಟಿಕೆಗೆ ರಾಜಮುದ್ರೆ ಒತ್ತಿದಂತೆ ಕಾಣುವ ಈ ನೀತಿಯಲ್ಲಿ ಒಂದು ಬಗೆಯ ಕರುಣೆಯೂ ಇತ್ತೆಂದು ನನಗನ್ನಿಸುತ್ತದೆ. 1581ರಲ್ಲಿ ದಂಡ ತಿಂಗಳಿಗೆ 20 ಪೌಂಡಿಗೆ ಏರಿದಾಗ ಆ ಕರುಣೆಯೂ ಆವಿಯಾಯಿತು.

ನಮ್ಮ ಕರಾವಳಿಯ ತನಕ ಹರಿದುಬಂದ ಕಾಲುವೆ ಜರ್ಮನಿಯ ಪಯಟಿಸ್ಟರದು. ಮೂವತ್ತು ವರ್ಷಗಳ ಯುದ್ಧ 1648ರಲ್ಲಿ ಮುಗಿದಾಗ ಲೂಥರನ ಸಭೆಯಲ್ಲಿ ಸಿದ್ಧಾಂತ ಬೇಕಾದಷ್ಟಿತ್ತು, ಭಕ್ತಿ ಒಣಗಿತ್ತು. ಫ್ರಾಂಕ್‌ಫರ್ಟಿನ ಪಾದ್ರಿ ಫಿಲಿಪ್ ಯಾಕೋಬ್ ಸ್ಪೇನರ್ 1670ರಲ್ಲಿ ಮನೆಯಲ್ಲಿ ಸಣ್ಣ ಕೂಟಗಳನ್ನು ಸೇರಿಸತೊಡಗಿದರು. ಐದು ವರ್ಷಗಳ ಮೇಲೆ ‘ಪಿಯಾ ಡೆಸಿಡೆರಿಯಾ’ ಎಂಬ ಕಿರುಪುಸ್ತಕದಲ್ಲಿ ಸುಧಾರಣೆಯ ಯೋಜನೆ ಮುಂದಿಟ್ಟರು. ಅವರ ಶಿಷ್ಯಸಮಾನ ಆಗಸ್ಟ್ ಹೆರ್ಮನ್ ಫ್ರಾಂಕೆ 1687ರಲ್ಲಿ ಲ್ಯೂನೆಬರ್ಗಿನಲ್ಲಿ ಒಂದು ಪ್ರಸಂಗ ಸಿದ್ಧಪಡಿಸುತ್ತಿದ್ದಾಗ, ತಾನು ಇನ್ನೊಬ್ಬರಿಗೆ ಹೇಳಹೊರಟ ವಿಶ್ವಾಸ ತನ್ನಲ್ಲೇ ಇಲ್ಲವೆಂದು ಗಾಬರಿಯಾದರು. ದಿನಗಟ್ಟಲೆ ತೊಳಲಾಡಿ, ಒಂದು ರಾತ್ರಿ ಮೊಣಕಾಲೂರಿದಾಗ ಸಂಶಯ ಕರಗಿತು. ಈ ಅನುಭವದ ವೃತ್ತಾಂತವನ್ನು ಅವರು ಬರೆದಿಟ್ಟರು. ಅಲ್ಲಿಗೆ ಅದು ಒಂದು ಅಚ್ಚಾಯಿತು. ಮೊದಲು ಪಾಪದ ಅರಿವು, ಆಮೇಲೆ ತೊಳಲಾಟ, ಆಮೇಲೆ ದಿನ ಹೇಳಬಹುದಾದಂಥ ಬಿಡುಗಡೆ. ಕೌಂಟ್ ಜಿನ್ಜೆಂಡಾರ್ಫ್ ಹಾಲೆ ಪಟ್ಟಣದಲ್ಲಿದ್ದ ಫ್ರಾಂಕೆಯವರ ಶಾಲೆಯಲ್ಲೇ ಓದಿದವನು, 1722ರಿಂದ ತನ್ನ ಜಮೀನಿನಲ್ಲಿ ಮೊರೇವಿಯನ್ ನಿರಾಶ್ರಿತರಿಗೆ ಆಸರೆ ಕೊಟ್ಟವನು. ಅಂಥವನಿಗೂ ಈ ಬಗೆಯ ತೊಳಲಾಟದ ಕತೆಯಿರಲಿಲ್ಲ. ಆದ್ದರಿಂದ ಹಾಲೆಯ ಕೆಲವರು ಅವನ ಮನಪರಿವರ್ತನೆಯನ್ನೇ ಶಂಕಿಸಿದರು. ಚಿಕ್ಕಂದಿನಿಂದ ಯೇಸುವನ್ನು ಪ್ರೀತಿಸಿಕೊಂಡೇ ಬಂದವನಿಗೆ ಒಮ್ಮೆ ಬಿದ್ದು ಏಳಲಿಲ್ಲವೆಂಬ ಆಕ್ಷೇಪಣೆ!

ಜಾನ್ ವೆಸ್ಲಿಗೆ ಮೊರೇವಿಯನ್ನರ ಸಹವಾಸದಿಂದ ಹೃದಯಾನುಭವ ದಕ್ಕಿದ್ದು 1738ರ ಮೇ ತಿಂಗಳಲ್ಲಿ. ಎರಡೇ ವರ್ಷದಲ್ಲಿ ಅವರೊಡನೆ ಜಗಳವೂ ಆಯಿತು. ನಿಜವಾದ ವಿಶ್ವಾಸ ಬರುವ ತನಕ ಕರ್ತನ ಭೋಜನವನ್ನಾಗಲಿ ಚರ್ಚಿನ ಪ್ರಾರ್ಥನೆಗಳನ್ನಾಗಲಿ ಮುಟ್ಟಬೇಡಿ, ಸುಮ್ಮನೆ ಕಾದಿರಿ ಎಂದು ಲಂಡನ್ನಿನ ಫೆಟರ್ ಲೇನ್ ಕೂಟದಲ್ಲಿ ಕೆಲವರು ಬೋಧಿಸಿದರು. ವೆಸ್ಲಿ ಒಪ್ಪಲಿಲ್ಲ. ಆಚರಣೆಗಳು ವಿಶ್ವಾಸಕ್ಕೆ ಸಂದ ಬಹುಮಾನವಲ್ಲ, ವಿಶ್ವಾಸ ಹುಟ್ಟುವ ದಾರಿ ಎಂದು ವಾದಿಸಿ 1740ರಲ್ಲಿ ಕೂಟ ಬಿಟ್ಟು ಹೊರಬಂದರು. ಇಡೀ ತಕರಾರಿನಲ್ಲಿ ನನಗೆ ಅತ್ಯಂತ ವಿವೇಕದ ಮಾತೆನಿಸುವುದು ಇದು. ಆದರೂ ಅವರ ಮೆಥಡಿಸ್ಟ್ ಸಂಘಗಳಲ್ಲಿ ಸದಸ್ಯರನ್ನು ಮೂರು ತಿಂಗಳಿಗೊಮ್ಮೆ ವಿಚಾರಿಸಿ ಚೀಟಿ ಕೊಡುವ ಪದ್ಧತಿ ಬಂತು. ಚೀಟಿ ನವೀಕರಣವಾಗಲಿಲ್ಲವೆಂದರೆ ಭಕ್ತಿ ಸಾಲದೆಂದು ತಿಳಿಯಬೇಕು.

ಈ ಇಕ್ಕಟ್ಟನ್ನು ಅಮೆರಿಕದ ಜೊನಾಥನ್ ಎಡ್ವರ್ಡ್ಸ್‌ರಷ್ಟು ಆಳವಾಗಿ ಯೋಚಿಸಿದವರು ಇನ್ನೊಬ್ಬರಿಲ್ಲ. ಅದರಿಂದ ಅವರಷ್ಟು ಪೆಟ್ಟು ತಿಂದವರೂ ವಿರಳ. ನ್ಯೂ ಇಂಗ್ಲೆಂಡಿನ ಪ್ಯೂರಿಟನ್ ಸಭೆಗಳಲ್ಲಿ ಪೂರ್ಣ ಸದಸ್ಯತ್ವ ಬೇಕೆಂದರೆ ದೇವರ ಕೃಪೆ ತನ್ನಲ್ಲಿ ಹೇಗೆ ಕೆಲಸ ಮಾಡಿತೆಂದು ಸಭೆಯ ಮುಂದೆ ಹೇಳಿಕೊಳ್ಳಬೇಕಿತ್ತು. ಅವರ ಮಕ್ಕಳ ತಲೆಮಾರಿಗೆ ಹೇಳಿಕೊಳ್ಳುವಂಥ ಅನುಭವಗಳೇ ಆಗಲಿಲ್ಲ. ಹಾಗೆಂದು ಮೊಮ್ಮಕ್ಕಳಿಗೆ ದೀಕ್ಷಾಸ್ನಾನ ತಪ್ಪಿಸುವುದು ಹೇಗೆ? 1662ರಲ್ಲಿ ಅರ್ಧ ಸದಸ್ಯತ್ವವೆಂಬ ರಾಜಿ ಹುಟ್ಟಿತು. ನಾರ್ತಾಂಪ್ಟನ್ ಊರಿನ ಪಾದ್ರಿ ಸಾಲೊಮನ್ ಸ್ಟಾಡರ್ಡ್ ಇನ್ನೂ ಮುಂದೆ ಹೋಗಿ, ನಡತೆ ಸರಿಯಿದ್ದವರೆಲ್ಲ ಕರ್ತನ ಭೋಜನಕ್ಕೆ ಬರಲಿ, ಅದೇ ಅವರನ್ನು ಬದಲಿಸೀತು ಎಂದು ಬಾಗಿಲು ತೆರೆದರು. 1729ರಲ್ಲಿ ಅವರು ತೀರಿಕೊಂಡ ಮೇಲೆ ಆ ಪೀಠಕ್ಕೆ ಬಂದವರು ಅವರ ಮೊಮ್ಮಗ ಎಡ್ವರ್ಡ್ಸ್.

1734–35ರಲ್ಲಿ ಅವರ ಊರಿನಲ್ಲೂ 1740ರ ಆಸುಪಾಸಿನಲ್ಲಿ ಇಡೀ ಪ್ರಾಂತ್ಯದಲ್ಲೂ ಭಕ್ತಿಯ ಉಬ್ಬರ ಬಂತು. ಜನ ಪ್ರಸಂಗದ ನಡುವೆಯೇ ಅತ್ತರು, ಚೀರಿದರು, ಮೂರ್ಛೆ ಹೋದರು. ಇದು ದೇವರ ಕೆಲಸವೋ ನರಗಳ ದೌರ್ಬಲ್ಯವೋ ಎಂದು ಪಾದ್ರಿಗಳೇ ಎರಡು ಬಣವಾದರು. 1746ರಲ್ಲಿ ಎಡ್ವರ್ಡ್ಸ್ ಧಾರ್ಮಿಕ ಭಾವಗಳನ್ನು ಕುರಿತ ತಮ್ಮ ದೊಡ್ಡ ಗ್ರಂಥ ತಂದರು. ಕಣ್ಣೀರು ಬಂತೆಂದು ಭಕ್ತಿ ನಿಜವಾಗದು, ಕಣ್ಣೀರು ಬಂತೆಂದೇ ಸುಳ್ಳೂ ಆಗದು. ಬೈಬಲ್ ವಾಕ್ಯ ತಾನಾಗಿ ನೆನಪಿಗೆ ಬರುವುದು, ನಿರರ್ಗಳವಾಗಿ ಸಾಕ್ಷಿ ಹೇಳುವುದು, ತನಗೆ ರಕ್ಷಣೆಯಾಗಿದೆಯೆಂಬ ಗಟ್ಟಿ ಭರವಸೆ, ಯಾವುದೂ ಖಚಿತ ಗುರುತಲ್ಲ. ಹೀಗೆ ಹನ್ನೆರಡು ಅಂಶಗಳನ್ನು ತಳ್ಳಿಹಾಕಿ, ನೆಚ್ಚಬಹುದಾದ ಹನ್ನೆರಡು ಗುರುತುಗಳನ್ನು ಕೊಟ್ಟರು. ಅವುಗಳಲ್ಲಿ ಕೊನೆಯದಕ್ಕೆ ಪುಸ್ತಕದ ದೊಡ್ಡ ಪಾಲು ಮೀಸಲು. ಆ ಗುರುತು ನಡೆ, ಅಂದರೆ ಬದುಕಿನುದ್ದಕ್ಕೂ ಕಾಣುವ ಆಚಾರ. ಅಂತರಂಗದ ಅತಿ ಸೂಕ್ಷ್ಮ ಪರೀಕ್ಷಕ ಕೊನೆಗೆ ಬಂದು ಮುಟ್ಟಿದ್ದು ಬಹಿರಂಗಕ್ಕೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಭೋಜನಕ್ಕೆ ಬರುವವರು ಹೃದಯದ ವಿಶ್ವಾಸವನ್ನು ಬಾಯಿಬಿಟ್ಟು ಒಪ್ಪಿಕೊಳ್ಳಬೇಕೆಂದು, ಅಜ್ಜ ತೆರೆದ ಬಾಗಿಲನ್ನು ಅವರು ಮತ್ತೆ ಮುಚ್ಚಹೊರಟರು. ಊರು ಸಿಡಿದೆದ್ದಿತು. 1750ರ ಜೂನಿನಲ್ಲಿ ಸಭೆ ಭಾರಿ ಬಹುಮತದಿಂದ ಅವರನ್ನು ಹುದ್ದೆಯಿಂದ ತೆಗೆಯಿತು. ಬದುಕಿನ ನಡೆಯೇ ದೊಡ್ಡ ಸಾಕ್ಷಿಯೆಂದ ಅದೇ ಎಡ್ವರ್ಡ್ಸ್ ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದರು. ಅವರ ಗ್ರಂಥವನ್ನು ಈಗ ಓದುವವರು ಈ ಸಂಗತಿಯನ್ನು ಪಕ್ಕಕ್ಕಿಟ್ಟು ಓದಲಾಗದು.

ಇನ್ನು ನಮ್ಮ ಕಡೆ. ಕರಾವಳಿಗೆ ಈ ಪ್ರಶ್ನೆ ಮೊದಲು ಬಂದದ್ದು ಗೋವೆಯಿಂದ, ಅದೂ ಬಹಳ ಕ್ರೂರವಾಗಿ. 1560ರಿಂದ 1812ರವರೆಗೆ, ನಡುವೆ ಸ್ವಲ್ಪ ಕಾಲ ಬಿಟ್ಟರೆ, ಅಲ್ಲಿ ಇನ್‌ಕ್ವಿಸಿಷನ್ ನಡೆಯಿತು. ಮತಾಂತರವಾದವರ ಮನಸ್ಸಿನಲ್ಲಿ ಹಳೆಯ ದೇವರು ಉಳಿದಿದ್ದಾನೆಯೇ ಎಂದು ತಿಳಿಯಲು ಅದು ನೋಡಿದ್ದು ಅಡುಗೆಮನೆ ಮತ್ತು ಹಿತ್ತಿಲು. 1736ರ ಶಾಸನದಲ್ಲಿ ತುಳಸಿ ಗಿಡ, ಧೋತರ, ಉಪ್ಪಿಲ್ಲದೆ ಬೇಯಿಸಿದ ಅನ್ನ, ಮದುವೆಯ ವೀಳ್ಯದ ಪದ್ಧತಿಗಳೆಲ್ಲ ಅಪರಾಧದ ಪಟ್ಟಿಗೆ ಸೇರಿದವು. ಅದೇ ಶತಮಾನಗಳಲ್ಲಿ ತಮಿಳುನಾಡಿನಲ್ಲಿ ಇನ್ನೊಂದು ವ್ಯಾಜ್ಯ. 1606ರಲ್ಲಿ ಮದುರೆಗೆ ಬಂದ ಯೇಸುಸಭೆಯ ರಾಬರ್ಟೊ ಡಿ ನೊಬಿಲಿ ಜನಿವಾರ, ಶಿಖೆ, ಗಂಧಗಳು ಲೌಕಿಕ ರೂಢಿಗಳು, ಅವಕ್ಕೂ ವಿಶ್ವಾಸಕ್ಕೂ ಸಂಬಂಧವಿಲ್ಲ ಎಂದು ವಾದಿಸಿ, 1623ರಲ್ಲಿ ಪೋಪರಿಂದ ಒಪ್ಪಿಗೆಯನ್ನೂ ಪಡೆದರು. ಅವರ ಬಳಿಕ ಬೆಳೆದ ಇಂಥ ಪದ್ಧತಿಗಳ ಮೇಲೆ 1744ರಲ್ಲಿ ರೋಮ್ ಕೊನೆಯ ಪ್ರಹಾರ ಮಾಡಿತು. ಡಿ ನೊಬಿಲಿಯ ಉದಾರತೆಯನ್ನು ಹೊಗಳುವವರು ಆ ‘ಲೌಕಿಕ ರೂಢಿ’ಗಳಲ್ಲಿ ಜಾತಿಯೂ ಸಲೀಸಾಗಿ ಒಳಗೆ ಬಂತೆಂಬುದನ್ನು ಮರೆಯಬಾರದು. ಗೋವೆಯಿಂದ ವಲಸೆ ಬಂದ ಮಂಗಳೂರಿನ ಕೊಂಕಣಿ ಕ್ಯಾಥೊಲಿಕರಲ್ಲಿ ಮಾತ್ರ ಇಷ್ಟೆಲ್ಲ ಆದ ಮೇಲೂ ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ರೋಸ್ ನಿಂತಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ತೆನೆಯೂ ಇಗರ್ಜಿಗೆ ಬರುತ್ತದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಪಯಟಿಸ್ಟರ ಮಕ್ಕಳು. ಹೆಬಿಕ್, ಲೇನರ್, ಗ್ರೈನರ್ ಮೊದಲ ಮೂವರು. ಅವರಿಗೆ ಗುಂಪು ಗುಂಪಾಗಿ ಮತಾಂತರಿಸುವುದು ಬೇಕಿರಲಿಲ್ಲ. ಒಬ್ಬೊಬ್ಬರ ಹೃದಯವೂ ತಿರುಗಬೇಕಿತ್ತು. ದೀಕ್ಷಾಸ್ನಾನಕ್ಕೆ ಮೊದಲು ದೀರ್ಘ ಉಪದೇಶ, ಆಮೇಲೆ ಸಭೆಯ ಕಟ್ಟುನಿಟ್ಟಾದ ಶಿಸ್ತು. ಜಾತಿಯ ಗುರುತು ಬಿಡಬೇಕು, ಕುಡಿತ ಬಿಡಬೇಕು. ಬಿಲ್ಲವರಾದರೆ ಭೂತಾರಾಧನೆಯ ಜೊತೆಗೆ ಶೇಂದಿ ಇಳಿಸುವ ಕಸುಬನ್ನೂ ಬಿಡಬೇಕು. ತಪ್ಪಿದವರಿಗೆ ಕರ್ತನ ಭೋಜನ ನಿಷಿದ್ಧ. ಇಲ್ಲೇ ಗಂಟು ಬಿದ್ದಿತು. ಕಸುಬು ಬಿಟ್ಟವರಿಗೆ, ಮನೆಯಿಂದ ಹೊರಬಿದ್ದವರಿಗೆ ಅನ್ನದ ದಾರಿ ತೋರಿಸಬೇಕಲ್ಲ? ನೇಯ್ಗೆ ಶುರುವಾಯಿತು. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ದೇಶ ವಿದೇಶಗಳಿಗೆ ಹೋಯಿತು. ಕೂಲಿ ಸಿಗುವ ಕಾರ್ಖಾನೆ ಬಂದ ಕೂಡಲೇ, ಇವರು ಬಂದದ್ದು ಕ್ರಿಸ್ತನಿಗಾಗಿಯೋ ಕೂಲಿಗಾಗಿಯೋ ಎಂಬ ಪ್ರಶ್ನೆ ಹೊರಗಿನವರಿಂದಲೂ ಎದ್ದಿತು, ಮಿಷನ್ನಿನ ಒಳಗಿನಿಂದಲೂ ಎದ್ದಿತು. ಹೃದಯವೊಂದನ್ನೇ ಕೇಳಿಕೊಂಡು ಬಂದವರು ಹೊಟ್ಟೆಗೂ ಜವಾಬ್ದಾರರಾದರು. ಹಾಗೆ ಜವಾಬ್ದಾರಿ ಹೊತ್ತದ್ದೇ ಅವರ ಹೃದಯ ಪರೀಕ್ಷೆಯನ್ನು ಅಸಾಧ್ಯಗೊಳಿಸಿತು. ನನ್ನ ಮಟ್ಟಿಗೆ ಅವರು ಮಾಡಿದ್ದರಲ್ಲಿ ಅತ್ಯಂತ ಕ್ರೈಸ್ತವಾದ ಕೆಲಸ ಆ ಕಾರ್ಖಾನೆ.

ಇದೇ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವರೆಂದು ಕನ್ನಡಿಗರಿಗೆ ಗೊತ್ತು. 1850ರ ಸುಮಾರಿಗೆ ದಾಸರ ಪದಗಳನ್ನೂ ಅವರು ಅಚ್ಚು ಮಾಡಿಸಿದರು. ತೋರಿಕೆಯ ಭಕ್ತಿಯನ್ನು ಗೇಲಿ ಮಾಡುವ ಹಾಡುಗಳಿಗೆ ಪಯಟಿಸ್ಟ್ ಮನಸ್ಸು ಸೋತದ್ದು ಆಶ್ಚರ್ಯವಲ್ಲ. ಆ ಭಕ್ತಿಯನ್ನು ತನ್ನದಕ್ಕೆ ಸಮನೆಂದು ಅವರು ಒಪ್ಪಲಿಲ್ಲ, ಅದು ಬೇರೆ ಮಾತು.

ಪರೀಕ್ಷೆಗೆ ಒಳಗಾದವರ ದನಿ ಈ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕೇಳುವುದು ಅಪರೂಪ. ಪಂಡಿತಾ ರಮಾಬಾಯಿ ಅಂಥ ಅಪರೂಪದ ದನಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ವಿಧವೆಯಾಗಿ, ಪುಟ್ಟ ಮಗಳೊಂದಿಗೆ ಇಂಗ್ಲೆಂಡಿಗೆ ಹೋಗಿ 1883ರ ಸೆಪ್ಟೆಂಬರಿನಲ್ಲಿ ವಾಂಟೇಜಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ದೀಕ್ಷಾಸ್ನಾನ ಪಡೆದರು. ದೀಕ್ಷೆ ಮುಗಿಯುತ್ತಿದ್ದಂತೆ ಜಗಳಗಳು ಶುರು. ತ್ರಿತ್ವದ ಸಿದ್ಧಾಂತ ಅವರಿಗೆ ಒಪ್ಪಿಗೆಯಾಗದು. ಬಿಷಪ್ಪರ ಅಧಿಕಾರಕ್ಕೆ ತಲೆಬಾಗರು. ಸಸ್ಯಾಹಾರ ಬಿಡರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಏಕಿರಬೇಕು, ಸಂಸ್ಕೃತ ಏಕಾಗದು ಎಂದು ಕೇಳುವರು. ಅವರ ಧರ್ಮಮಾತೆ ಸಿಸ್ಟರ್ ಜೆರಾಲ್ಡೀನ್ ಇದನ್ನೆಲ್ಲ ಹಳೆಯ ಜಾತಿಯ ಅಹಂಕಾರವೆಂದು ಕಂಡರು. ರಮಾಬಾಯಿ ಪತ್ರಗಳಲ್ಲಿ ಕೊಟ್ಟ ಉತ್ತರಗಳ ಸಾರ ಇಷ್ಟು: ನನ್ನ ಅಂತಃಸಾಕ್ಷಿಯನ್ನು ಬಹಳ ಕಷ್ಟಪಟ್ಟು ಪುರೋಹಿತರಿಂದ ಬಿಡಿಸಿಕೊಂಡು ಬಂದಿದ್ದೇನೆ, ಅದನ್ನು ಇನ್ನೊಂದು ಪುರೋಹಿತ ವರ್ಗದ ಕೈಗೆ ಕೊಡಲಾರೆ.

ಮುಂದೆ, 1891ರ ಹೊತ್ತಿಗೆ, ವಿಲಿಯಂ ಹ್ಯಾಸ್ಲಂ ಎಂಬ ಆಂಗ್ಲ ಪಾದ್ರಿಯ ಆತ್ಮಕತೆ ಅವರ ಕೈಗೆ ಬಂತು. ವರ್ಷಗಳಿಂದ ಪಾದ್ರಿಯಾಗಿದ್ದೂ ತನಗೆ ಮನಪರಿವರ್ತನೆಯೇ ಆಗಿರಲಿಲ್ಲವೆಂದು ಆ ಮನುಷ್ಯ ಅರಿತದ್ದು ಸ್ವಂತ ಪ್ರಸಂಗ ಪೀಠದಲ್ಲಿ! ರಮಾಬಾಯಿ ತಮ್ಮನ್ನೇ ಕೇಳಿಕೊಂಡರು. ತಾವು ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ್ದರೇ ಹೊರತು ಕ್ರಿಸ್ತನನ್ನಲ್ಲ ಎಂಬ ತೀರ್ಮಾನಕ್ಕೆ ಬಂದರು. ಇದನ್ನು ಅವರೇ 1907ರ ಸಾಕ್ಷ್ಯದಲ್ಲಿ ಬರೆದಿದ್ದಾರೆ. 1905ರಲ್ಲಿ ಕೇಡಗಾಂವದ ಅವರ ಮುಕ್ತಿ ಆಶ್ರಮದಲ್ಲಿ ಅಳು, ಪ್ರಾರ್ಥನೆ, ಪರವಶತೆಗಳ ಉಜ್ಜೀವನ ನಡೆಯಿತು. ಅನುಮಾನಿಸುವ ರಮಾಬಾಯಿಯನ್ನು ಮೆಚ್ಚುವ ನಮ್ಮ ಸ್ತ್ರೀವಾದಿಗಳಿಗೆ ಉಜ್ಜೀವನದ ರಮಾಬಾಯಿ ಮುಜುಗರ. ಮಿಷನರಿಗಳಿಗೆ ಅದರ ಉಲ್ಟಾ. ನನಗೆ ಇಬ್ಬರೂ ಒಬ್ಬರೇ ಆಗಿ ಕಾಣುತ್ತಾರೆ. ತನ್ನ ಹೃದಯದ ಬಗ್ಗೆ ತೀರ್ಪು ಕೊಡುವ ಹಕ್ಕನ್ನು ಆಕೆ ಎರಡೂ ಕಾಲದಲ್ಲಿ ಯಾರಿಗೂ ಬಿಟ್ಟುಕೊಡಲಿಲ್ಲ.

ಡೆನ್ಮಾರ್ಕಿನ ಕೀರ್ಕೆಗಾರ್ ಕೂಡ ಪ್ರಶ್ನೆಯನ್ನು ತನ್ನ ಮೇಲೇ ತಿರುಗಿಸಿಕೊಂಡವನು. ಎಲ್ಲರೂ ಹುಟ್ಟಾ ಕ್ರೈಸ್ತರಾದ ದೇಶದಲ್ಲಿ ಕ್ರೈಸ್ತನೇ ಇಲ್ಲವೆಂದು 1854–55ರಲ್ಲಿ ಅವನು ರಾಜ್ಯದ ಚರ್ಚಿನ ಮೇಲೆ ದಾಳಿಯಿಟ್ಟ. ಆದರೆ ತಾನು ನಿಜವಾದ ಕ್ರೈಸ್ತನೆಂದು ಎಂದೂ ಹೇಳಿಕೊಳ್ಳಲಿಲ್ಲ.

20ನೆಯ ಶತಮಾನದಲ್ಲಿ ಅಳತೆಗೋಲು ಪಾದ್ರಿಯ ಕೈಯಿಂದ ಪ್ರಾಧ್ಯಾಪಕರ ಕೈಗೆ ಬಂತು. ವಿಲಿಯಂ ಜೇಮ್ಸ್ 1902ರಲ್ಲಿ ಧಾರ್ಮಿಕ ಅನುಭವಗಳನ್ನು ಅಭ್ಯಾಸ ಮಾಡುವಾಗ ಚರ್ಚು, ವಿಧಿಗಳನ್ನು ಬೇಕೆಂದೇ ಹೊರಗಿಟ್ಟರು. 1967ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಮೈಕೆಲ್ ರಾಸ್ ಧರ್ಮವನ್ನು ಬಾಳುವವರು ಮತ್ತು ಬಳಸುವವರು ಎಂದು ಜನರನ್ನು ಪ್ರಶ್ನಾವಳಿಯಿಂದ ವಿಂಗಡಿಸಿದರು. ಬಳಸುವವರಿಗಿಂತ ಬಾಳುವವರಲ್ಲಿ ಜನಾಂಗ ದ್ವೇಷ ಕಡಿಮೆ ಎಂದು ಕಂಡಿತು. ಅನುಮಾನವೂ ಬೇಗನೆ ಬಂತು. ಪ್ರಶ್ನಾವಳಿಗೆ ಉತ್ತರಿಸುವವರು ಒಳ್ಳೆಯವರಾಗಿ ಕಾಣಬೇಕೆಂಬ ಆಸೆಯಿಂದ ಉತ್ತರಿಸಿದರೆ? 1973ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಪ್ರಿನ್ಸ್‌ಟನ್ನಿನ ದೈವಶಾಸ್ತ್ರ ವಿದ್ಯಾರ್ಥಿಗಳನ್ನು ಒಂದು ಭಾಷಣಕ್ಕೆ ಕಳಿಸಿದರು. ಕೆಲವರ ಭಾಷಣದ ವಿಷಯ ಒಳ್ಳೆಯ ಸಮಾರ್ಯದವನ ಕತೆಯೇ ಆಗಿತ್ತು. ದಾರಿಯಲ್ಲಿ ಒಬ್ಬ ಕುಸಿದು ಕೆಮ್ಮುತ್ತಿದ್ದ. ಹೊತ್ತಾಗಿದೆಯೆಂದು ಅವಸರಪಡಿಸಿದವರಲ್ಲಿ ನೆರವಿಗೆ ನಿಂತವರು ಶೇ. 10, ಸಾಕಷ್ಟು ಸಮಯವಿದ್ದವರಲ್ಲಿ ಶೇ. 63. ಅವರ ಧಾರ್ಮಿಕತೆ ಯಾವ ಬಗೆಯದೆಂಬುದರಿಂದ ಯಾರು ನಿಲ್ಲುತ್ತಾರೆಂದು ಊಹಿಸಲಾಗಲಿಲ್ಲ. ಒಟ್ಟು 40 ಜನರ ಸಣ್ಣ ಪ್ರಯೋಗವದು, ಅದರ ಮೇಲೆ ಮಹಲು ಕಟ್ಟಬಾರದು. ಆದರೂ ಪ್ರತಿ ದೈವಶಾಸ್ತ್ರ ಕಾಲೇಜಿನ ಗೋಡೆಗೆ ಅಂಟಿಸಬಹುದಾದ ಫಲಿತಾಂಶ.

1993ರಲ್ಲಿ ತಲಾಲ್ ಅಸದ್ ಇಡೀ ಚರ್ಚೆಯ ಬುಡವನ್ನೇ ಅಲುಗಿಸಿದರು. ಧರ್ಮವೆಂದರೆ ಮುಖ್ಯವಾಗಿ ಮನಸ್ಸಿನ ನಂಬಿಕೆ, ಆಚರಣೆ ಅದರ ಹೊರಗಿನ ಪ್ರಕಟಣೆ ಎಂಬ ತಿಳಿವಳಿಕೆಯೇ ಸುಧಾರಣೆಯ ನಂತರದ ಯುರೋಪಿನದು ಎಂದರು. ಮಧ್ಯಯುಗದ ಮಠದಲ್ಲಿ ಬಾಗುವುದು, ಉಪವಾಸವಿರುವುದು, ಹೊತ್ತು ಹೊತ್ತಿಗೆ ಹಾಡುವುದು ಒಳಗನ್ನು ತೋರಿಸುವ ಕ್ರಮಗಳಲ್ಲ, ಒಳಗನ್ನು ಕಟ್ಟುವ ಕ್ರಮಗಳು. ವೆಸ್ಲಿ ಫೆಟರ್ ಲೇನಿನಲ್ಲಿ ವಾದಿಸಿದ್ದು ಬಹುಮಟ್ಟಿಗೆ ಇದನ್ನೇ.

ಬೆಂಗಳೂರಿಗೂ ಈ ಚರ್ಚೆಯಲ್ಲಿ ಪಾಲಿದೆ. ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತಿದ್ದ ಡೆನ್ಮಾರ್ಕಿನ ಕಾಯ್ ಬೋಗೊ 1966ರಲ್ಲಿ, ಹಿಂದೂವೊಬ್ಬ ಕ್ರಿಸ್ತನ ಹಿಂಬಾಲಕನಾಗಲು ದೀಕ್ಷಾಸ್ನಾನ ಪಡೆದು ಕ್ರೈಸ್ತ ಸಮುದಾಯಕ್ಕೆ ಸೇರಲೇಬೇಕೇ ಎಂದು ಕೇಳಿದರು. ದೀಕ್ಷಾಸ್ನಾನವನ್ನೇ ವಿರೋಧಿಸುತ್ತಿದ್ದ ಆಂಧ್ರದ ಸುಬ್ಬರಾವ್ ಅವರ ಕ್ರಿಸ್ತಭಕ್ತಿಯ ಚಳವಳಿಯ ಬಗ್ಗೆಯೂ ಅವರು ಬರೆದರು. ಬೆಂಗಳೂರಿನ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯ ಎಂ. ಎಂ. ಥಾಮಸ್ ಈ ವಿಚಾರಕ್ಕೆ ತಮ್ಮದೇ ರೀತಿಯಲ್ಲಿ ಬೆಂಬಲ ಕೊಟ್ಟರು. ಬಿಷಪ್ ಲೆಸ್ಲಿ ನ್ಯೂಬಿಗಿನ್ ಒಪ್ಪಲಿಲ್ಲ. ಕಣ್ಣಿಗೆ ಕಾಣುವ, ಜೊತೆಯಲ್ಲಿ ಉಣ್ಣುವ ಒಂದು ಬಳಗವಿಲ್ಲದೆ ಕ್ರಿಸ್ತನಿಗೆ ಸೇರುವುದು ಹೇಗೆಂಬುದು ಅವರ ಪ್ರಶ್ನೆ. ನ್ಯೂಬಿಗಿನ್ ವಾದ ನನಗೆ ಹೆಚ್ಚು ಗಟ್ಟಿಯೆನಿಸುತ್ತದೆ. ಬಳಗವಿಲ್ಲದ ಅಂತರಂಗದ ಭಕ್ತಿ ಮೇಲ್ಜಾತಿಯವರಿಗೆ ಸುಲಭ. ದಲಿತರಿಗೆ ಬೇಕಿದ್ದದ್ದು ಜೊತೆಯಲ್ಲಿ ಉಣ್ಣುವ ಬಳಗವೇ.

ಈಗ ಅಳತೆಗೋಲು ಸರ್ಕಾರದ ಕೈಯಲ್ಲಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ ಮಾತ್ರವಿತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಇಂದಿಗೂ ಹೊರಗೆ. 2024ರ ನವೆಂಬರಿನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ದೀಕ್ಷಾಸ್ನಾನವಾಗಿದೆ, ಚರ್ಚಿಗೆ ತಪ್ಪದೆ ಹೋಗುತ್ತಾರೆ, ಆದ್ದರಿಂದ ಅವರು ಹಿಂದೂವಲ್ಲ ಎಂದು ಪ್ರಮಾಣಪತ್ರ ನಿರಾಕರಿಸಿತು. ನಂಬಿಕೆಯಿಲ್ಲದೆ ಮೀಸಲಾತಿಗಾಗಿ ಮಾಡುವ ಮತಾಂತರ ಸಂವಿಧಾನಕ್ಕೆ ಮಾಡುವ ವಂಚನೆ ಎಂದೂ ಹೇಳಿತು. ಕರ್ನಾಟಕದ 2022ರ ಕಾಯ್ದೆಯಂತೂ ಮತಾಂತರಕ್ಕೆ 30 ದಿನ ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದಿತು. ಯಾರಾದರೂ ಆಕ್ಷೇಪಿಸಿದರೆ ಮತಾಂತರದ ನಿಜವಾದ ಉದ್ದೇಶವನ್ನು ಕಂದಾಯ ಅಥವಾ ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿಗಳು ವಿಚಾರಿಸಬೇಕೆಂದೂ ವಿಧಿಸಿತು. 2023ರ ಜೂನಿನಲ್ಲಿ ರಾಜ್ಯ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಫ್ರಾಂಕೆ, ಎಡ್ವರ್ಡ್ಸ್‌ರಂಥವರು ಜೀವಮಾನವಿಡೀ ಹುಡುಕಿದ್ದನ್ನು ತಾಲ್ಲೂಕು ಕಚೇರಿ ಒಂದು ತಿಂಗಳಲ್ಲಿ ಪತ್ತೆ ಹಚ್ಚಬೇಕಿತ್ತು.

ಈ ಕ್ಷೇತ್ರದಲ್ಲಿ ಬರಹಕ್ಕೆ ಕೊರತೆಯಿಲ್ಲ, ಆದರೆ ಬರೆದವರಲ್ಲಿ ಮುಕ್ಕಾಲು ಪಾಲು ಪ್ರಶ್ನೆ ಕೇಳಿದವರು. ಉತ್ತರ ಕೊಟ್ಟವರ ಮಾತು ಮಿಷನ್ನಿನ ವಾರ್ಷಿಕ ವರದಿಗಳಲ್ಲಿ, ಸಭೆಯ ದಫ್ತರಗಳಲ್ಲಿ, ಪತ್ರಗಳಲ್ಲಿ ಚೂರು ಚೂರಾಗಿ ಹುದುಗಿದೆ. ಬಾಸೆಲ್ಲಿನ ದಾಖಲೆ ಸಂಗ್ರಹದಲ್ಲಿ, ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಅಂಥ ಸಾಮಗ್ರಿ ಇದೆ. ಜರ್ಮನ್ನೂ ತುಳುವೂ ಬಲ್ಲ ನಮ್ಮ ಯುವ ಸಂಶೋಧಕರು ಅದನ್ನು ಶೇಂದಿಯ ಕತ್ತಿ ಕೆಳಗಿಟ್ಟು ಹೆಂಚಿನ ಕಾರ್ಖಾನೆಗೆ ನಡೆದವರ ಕಡೆಯಿಂದ ಓದಿ ಕನ್ನಡದಲ್ಲಿ ಬರೆಯಬೇಕು.